ಶಿರಸಿಯ ಮಳೆಯಲ್ಲಿ ಸವದತ್ತಿಯ ಚೌಡಿಕೆ

ಚೌಡಿಕೆ ಕೊಳ್ಳಬೇಕು ಅಂತಿದ್ದವರು ಮೊದಲು ನಿಮ್ಮೂರಿನ ಮಳೆ ನೋಡಿಕೊಳ್ಳಿ. ಮರ ಯಾವುದು, ತಂತಿ ಯಾವುದು, ಎಷ್ಟಕ್ಕೆ ಬರುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ನಾನಿರುವುದು ಶಿರಸಿಯಲ್ಲಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಮೂಲೆಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುವ ಊರು ಇದು. ಇಲ್ಲಿಗೆ ಸವದತ್ತಿ ಸೀಮೆಯ ಬಿಸಿಲಿನ ವಾದ್ಯ ತಂದಿಟ್ಟುಕೊಂಡು ಈಗ ಕೆಲವು ಮಳೆಗಾಲ ಆಯಿತು.

ನೋಡದವರಿಗಾಗಿ ಎರಡು ಮಾತು. ಒಂದು ಮರದ ಕೊಳಗ. ಅದರ ಒಂದು ಬಾಯಿಗೆ ಆಡಿನ ಚರ್ಮ. ಚರ್ಮದ ನಡುವಿನ ತೂತಿನಿಂದ ಹೊರಟ ಒಂದೇ ತಂತಿ ಕೊಳಗದ ಒಳಗಿಂದ ಹಾದು, ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿಯ ಬಿರಡೆಗೆ ಸುತ್ತಿರುತ್ತದೆ. ಎಡ ಕಂಕುಳಲ್ಲಿ ಅವಚಿಕೊಂಡು ಬಲಗೈಯ ಕಡ್ಡಿಯಿಂದ ಮೀಟುವುದು. ಎಲ್ಲಮ್ಮನ ಜೋಗತಿಯರು, ಜೋಗಪ್ಪಗಳು ಹಾಡುವಾಗ ಇದನ್ನು ನೋಡಿರುತ್ತೀರಿ. ರೇಣುಕೆ, ಜಮದಗ್ನಿ, ಪರಶುರಾಮರ ಕಥೆಯನ್ನು ರಾತ್ರಿಯಿಡೀ ಹಾಡುವ ಮೇಳಕ್ಕೆ ಚೌಡಿಕೆ, ಶ್ರುತಿವಾದ್ಯ, ತಾಳ ಇಷ್ಟಿದ್ದರೆ ಸಾಕು. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಪೇಟೆಯವರೂ ಜೋಗತಿ ಹಾಡು-ಕುಣಿತದ ಕಡೆ ತಿರುಗಿ ನೋಡಿದರು. ವಾದ್ಯ ಮಾತ್ರ ಪೇಟೆ ಅಂಗಡಿಗೆ ಬರಲಿಲ್ಲ.

ಹುಡುಕಾಟ ನಿಜಕ್ಕೂ ತಲೆನೋವು. ಸಂಗೀತ ವಾದ್ಯದ ಅಂಗಡಿಗಳಲ್ಲಿ ಕೇಳಿದರೆ ಗಿಟಾರ್ ತೋರಿಸುತ್ತಾರೆ, ಇಲ್ಲವೇ ತಂಬೂರಿ ಬೇಕಾದರೆ ಮೀರಜ್‌ಗೆ ಹೋಗಿ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಒಂದು ಕಡೆ ‘ಜಾನಪದ ಏಕತಾರಿ’ ಅಂತ ಚೆಂದದ ಫೋಟೋ ಇತ್ತು. ತರಿಸಿದೆ. ಮೈತುಂಬ ನವಿಲಿನ ಚಿತ್ರ, ಘಮಘಮ ವಾರ್ನಿಷ್. ಬಿರಡೆ ತಿರುಗಿಸಲು ಹೋದರೆ ಅದನ್ನು ಅಂಟು ಹಾಕಿ ಕೂರಿಸಿದ್ದಾರೆ! ವಾಪಸ್ ತಗೊಳ್ಳಿ ಅಂದರೆ ‘ಅಲಂಕಾರಿಕ ವಸ್ತು, ವಾಪಸಾತಿ ಇಲ್ಲ’ ಎಂದು ಉತ್ತರ ಬಂತು. ಈಗ ಅದು ಟಿವಿ ಪಕ್ಕದಲ್ಲಿದೆ. ಅಲಂಕಾರಕ್ಕೆ ಚೆನ್ನಾಗಿಯೇ ಇದೆ ಬಿಡಿ.

ಕೊನೆಗೆ ಭಾರತ ಹುಣ್ಣಿಮೆಯ ಜಾತ್ರೆಗೆ ಎಲ್ಲಮ್ಮನ ಗುಡ್ಡ ಹತ್ತಿದೆ. ಎತ್ತ ನೋಡಿದರೂ ಭಂಡಾರದ ಹಳದಿ, ಉಧೋ ಉಧೋ ಕೂಗು. ಅಲ್ಲಿ ಹಾಡುತ್ತಿದ್ದ ಒಂದು ಮೇಳದ ಹಿರಿಯಕ್ಕನ ಹತ್ತಿರ ಕೂತು, ಇದು ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ಯಾಕೆ ಬೇಕು, ಯಾವ ಊರು, ಏನು ಹಾಡುತ್ತೀ ಅಂತ ಪೂರ್ತಿ ವಿಚಾರಿಸಿದರು. ನಮ್ಮಜ್ಜಿಯ ಬೀಸುಕಲ್ಲಿನ ಪದ ಹಾಡುತ್ತೇನೆ ಅಂದೆ. ಆಮೇಲೆಯೇ ಮಾಡಿಕೊಡುವ ಬಡಿಗರ ಊರು ಹೇಳಿದ್ದು. ಜೊತೆಗೆ ಒಂದು ಮಾತನ್ನೂ ಹೇಳಿದರು: “ತಮ್ಮಾ, ನಿಮ್ಮ ಕಡೆ ಮಳಿ ಭಾಳ ಅಲ್ಲೇನು? ಇದು ತಾಳಂಗಿಲ್ಲ ನೋಡು.”

ಬಡಿಗರು ಬೇವಿನ ಮರದಲ್ಲಿ ಕೊಳಗ ಕೊರೆದುಕೊಟ್ಟರು. ಚರ್ಮ ಹೊದಿಸಿದವರು ಬೇರೆ. ಎಲ್ಲ ಸೇರಿ 3,200 ರೂಪಾಯಿ. ನನ್ನ ಜೇಬಿಗೆ ಇದು ಸಣ್ಣ ಮೊತ್ತವಲ್ಲ, ಆದರೆ ಆ ನವಿಲಿನ ಏಕತಾರಿಗೆ ಕೊಟ್ಟದ್ದು ಇದಕ್ಕಿಂತ ಜಾಸ್ತಿ. ಹಿತ್ತಾಳೆ ಕೊಳಗದ ಚೌಡಿಕೆಯೂ ಇದೆ. ಅದು ನನ್ನ ಕಂಕುಳಿಗೆ ಭಾರ ಅನ್ನಿಸಿ ಬಿಟ್ಟೆ.

ಒಂದು ಮುಜುಗರದ ಪ್ರಶ್ನೆಯೂ ಇದೆ. ಇದು ದೇವಿಯ ಹೆಸರಲ್ಲಿ ಹರಕೆ ಹೊತ್ತವರ ವಾದ್ಯ, ನಮಗ್ಯಾಕೆ ಅಂತ ಕೇಳುವವರಿದ್ದಾರೆ. ಮುತ್ತು ಕಟ್ಟಿ ದೇವದಾಸಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದೆ, ಅದು ಹೋಗಲೇಬೇಕಿತ್ತು. ಅದರ ಜೊತೆಗೆ ಹಾಡು, ವಾದ್ಯ ಎರಡೂ ಹೋಗಬೇಕೇ? ಬೇಡ ಅನ್ನುವುದು ನನ್ನ ಪಕ್ಷ. ಆದರೆ ಕಲಿಯುವುದಾದರೆ ಹಾಡುವವರ ಹತ್ತಿರವೇ ಹೋಗಿ ಕಲಿಯಿರಿ, ಕಲಿಸಿದ್ದಕ್ಕೆ ದುಡ್ಡು ಕೊಡಿ.

ಫೆಬ್ರವರಿಯಿಂದ ಮೇ ತನಕ ನಾನು ಇದನ್ನು ಬಾಯಿತುಂಬ ಹೊಗಳುತ್ತ ಓಡಾಡಿದೆ. ಒಮ್ಮೆ ಮೀಟಿದರೆ ‘ಡಂವ್’ ಅಂತ ಎದ್ದ ನಾದ ಪಕ್ಕೆಲುಬಿಗೆ ತಾಗುತ್ತದೆ. ತಂತಿವಾದ್ಯವೂ ಹೌದು, ಚರ್ಮವಾದ್ಯವೂ ಹೌದು. ಶ್ರುತಿ, ಲಯ ಎರಡನ್ನೂ ಒಂದೇ ಕಡ್ಡಿ ಕೊಡುತ್ತದೆ. ಮೊಬೈಲ್‌ನ ಶ್ರುತಿ ಆ್ಯಪ್ ಹಾಕಿಕೊಂಡು ಹಾಡುವಾಗ ನನಗೆ ಯಾವಾಗಲೂ ಪರೀಕ್ಷೆಗೆ ಕೂತ ಹಾಗೆ ಆಗುತ್ತಿತ್ತು. ಇದರ ಜೊತೆ ಗಂಟಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಡಗೈಯಲ್ಲಿ ಕೋಲನ್ನು ತುಸು ಒತ್ತಿ ಬಿಟ್ಟರೆ ತಂತಿಯ ಬಿಗಿ ಬದಲಾಗಿ ನಾದ ಜಾರುತ್ತದೆ, ಸಾಲಿನ ಕೊನೆಯಲ್ಲಿ ಅದೊಂದು ಸೊಗಸು. ಕೋಲಿನ ತುದಿಗೆ ಕಟ್ಟಿದ ಗೆಜ್ಜೆ ಸುಮ್ನೆ ಇರದೆ ತಾನೂ ಒಂದು ಮಾತು ಸೇರಿಸುತ್ತದೆ.

ಜೂನ್ ಬಂತು, ನನ್ನ ಹೊಗಳಿಕೆಯೂ ನಿಂತಿತು.

ಚರ್ಮ ತೇವ ಹೀರಿ ಸಡಿಲಾಗುತ್ತದೆ. ತಂತಿಯ ಒಂದು ತುದಿ ಇರುವುದೇ ಚರ್ಮದಲ್ಲಿ, ಹಾಗಾಗಿ ಅದೂ ಜೋಲುತ್ತದೆ. ‘ಡಂವ್’ ಹೋಗಿ ‘ದಬ್’ ಆಯಿತು. ಹಲಗೆ, ತಮಟೆಯವರು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ನಾನೂ ಹಾಗೇ ಒಂದು ಏರ್ಪಾಡು ಮಾಡಿಕೊಂಡೆ. ಹಳೇ ಕಾಲದ 60 ವ್ಯಾಟ್ ಬಲ್ಬು (ಎಲ್‌ಇಡಿಯಿಂದ ಏನೂ ಪ್ರಯೋಜನವಿಲ್ಲ, ಅದು ಕಾಯುವುದೇ ಇಲ್ಲ), ಅದರ ಮೇಲೊಂದು ಗೇಣು ಎತ್ತರದಲ್ಲಿ ಚರ್ಮದ ಬಾಯಿ ಕೆಳಗೆ ಮಾಡಿ ಚೌಡಿಕೆ, ಸುತ್ತ ಒಂದು ಹಳೇ ಪಂಚೆ. ಆಫೀಸಿನಿಂದ ಬಂದವನೇ ಬಲ್ಬು ಹಾಕುವುದು, ಚಹಾ ಕುಡಿಯುವುದು, ನಡುನಡುವೆ ಹೋಗಿ ಚರ್ಮಕ್ಕೆ ಬೆರಳಲ್ಲಿ ಟಕ್ ಅಂತ ಹೊಡೆದು ಕಿವಿಗೊಡುವುದು. ಮೊದಲು ಸತ್ತ ಸದ್ದು, ಆಮೇಲೆ ಸ್ವಲ್ಪ ಜೀವ, ಚಹಾ ಮುಗಿಯುವ ಹೊತ್ತಿಗೆ ಒಂದು ಗುಂಗು. ಆಗ ಬಿರಡೆಗೆ ಕೈ ಹಾಕಬೇಕು. ಒಂದು ಹಾಡು ಮುಗಿಯುವಷ್ಟರಲ್ಲಿ ಮತ್ತೆ ಇಳಿದಿರುತ್ತದೆ. “ಅಡಿಕೆ ಒಣಗ್ಸೋಕೇ ಬಿಸಿಲಿಲ್ಲ, ನಿನ್ನ ಚೌಡಿಕೆಗೆ ಎಲ್ಲಿಂದ ತರೋದು?” ಅಂತ ಅಮ್ಮ ದಿನಾ ಹಂಗಿಸುತ್ತಿದ್ದಳು.

ಇಳಿದದ್ದು ಅಷ್ಟು ದೊಡ್ಡ ವಿಷಯವಲ್ಲ. ಒದ್ದೆಯಲ್ಲಿ ಬಿಗಿ ಮಾಡಿದ ತಂತಿ ಹೊಳವು ಕೊಟ್ಟ ದಿನ ಅಪಾಯ ತರುತ್ತದೆ. ಚರ್ಮ ಒಣಗಿ ಎಳೆದುಕೊಳ್ಳುತ್ತದೆ, ತಂತಿ ಸಡಿಲ ಬಿಡುವುದಿಲ್ಲ, ಎಲ್ಲ ಜಗ್ಗಾಟ ಆ ನಡುವಿನ ತೂತಿನ ಮೇಲೆ. ಅಲ್ಲಿ ತಂತಿಯ ಗಂಟು ಹರಿದು ಬರದಿರಲಿ ಅಂತ ಒಂದು ತೊಗಲಿನ ಬಿಲ್ಲೆ ಇಟ್ಟಿರುತ್ತಾರೆ. ನನ್ನದು ಆಗಸ್ಟ್‌ನ ಒಂದು ಬೆಳಿಗ್ಗೆ, ಗೋಡೆಗೆ ತೂಗುಹಾಕಿದ್ದಾಗಲೇ, ಯಾರೂ ಮುಟ್ಟದೆ ‘ಪಟ್’ ಅಂತು. ಬಿಲ್ಲೆಯ ಸುತ್ತ ಅರ್ಧಚಂದ್ರದ ಹಾಗೆ ಸೀಳಿತ್ತು.

ಹುಬ್ಬಳ್ಳಿಯಲ್ಲಿ ಡೋಲಕ್ ರಿಪೇರಿ ಮಾಡುವ ಒಂದು ಅಂಗಡಿಗೆ ಕೊಟ್ಟೆ. ಎಷ್ಟೋ ವಾರ ಇಟ್ಟುಕೊಂಡು, ನನ್ನನ್ನು ಒಂದು ಮಾತೂ ಕೇಳದೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದೇ ಒಂದು ಉಪಕಾರ ಅನ್ನುವ ಧಾಟಿಯಲ್ಲಿ 900 ರೂಪಾಯಿ ಎಣಿಸಿಕೊಂಡರು. ನಿಜ, ತಮಟೆಗೆ ಪ್ಲಾಸ್ಟಿಕ್ ಬಂದು ಬಹಳ ಕಾಲವಾಯಿತು. ಮೆರವಣಿಗೆಯಲ್ಲಿ ಮಳೆ ಬಂದರೂ ನಿಲ್ಲಿಸಬೇಕಿಲ್ಲ, ಅವರಿಗೆ ಅದು ಸರಿ. ಚೌಡಿಕೆಗೆ ಮಾತ್ರ ಅದು ಒಗ್ಗುವುದಿಲ್ಲ. ಸದ್ದು ಜೋರಾಗಿದೆ, ಹಿಂದೆ ಗುಂಗು ಇಲ್ಲ. ಮೀಟಿದ ತಕ್ಷಣ ಮುಗಿದುಹೋಗುತ್ತದೆ. ಆ ಸಿಟ್ಟಿನಲ್ಲಿ ಚೌಡಿಕೆಯನ್ನು ಅಟ್ಟಕ್ಕೇರಿಸಿದೆ.

ಕೆಳಗಿಳಿದದ್ದು ಮುಂದಿನ ಜಾತ್ರೆಗೆ. ಮತ್ತೆ ಆಡಿನ ಚರ್ಮ ಹಾಕಿಸಿಕೊಂಡು, ಅದೇ ಅಕ್ಕನ ಮುಂದೆ ಬಲ್ಬು, ಪಂಚೆ, ಸೀಳಿದ್ದು ಎಲ್ಲ ಹೇಳಿಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಅದು ಇಳೀತಂದ್ರ ನೀನೂ ಇಳಿದು ಹಾಡು. ಅದನ್ಯಾಕ ದಿನಾ ಏರಸಾಕ ಹೋಗ್ತಿ?”

ಈಗ ಹಾಗೇ ಮಾಡುತ್ತೇನೆ. ಮಳೆಗಾಲದಲ್ಲಿ ಶ್ರುತಿ ಏರಿಸಲು ಬಿರಡೆ ಮುಟ್ಟುವುದೇ ಇಲ್ಲ. ಅದು ಎಲ್ಲಿ ನಿಂತಿದೆಯೋ ಅಲ್ಲಿಂದ, ಕೆಳಗಿನ ಶ್ರುತಿಯಲ್ಲಿ. ಬೀಸುಕಲ್ಲಿನ ಪದಗಳಿಗೆ ಆ ಶ್ರುತಿ ಎಷ್ಟು ಹೊಂದುತ್ತದೆ ಅಂದರೆ, ಬೇಸಿಗೆಯಲ್ಲಿ ಅವನ್ನು ನಾನು ಹಾಡುವುದೇ ಕಡಿಮೆ. ಬಲ್ಬು ಜಡಿಮಳೆ ಹಿಡಿದ ವಾರದಲ್ಲಿ ಮಾತ್ರ, ಅದೂ ಬೂಷ್ಟು ಬಾರದಿರಲಿ ಅಂತ.

ಕೊಳ್ಳುವವರಿಗೆ: ಮಳೆಗಾಲಕ್ಕೆ ಮುಂಚೆ ಮಾಡಿಸಬೇಡಿ, ದೀಪಾವಳಿ ಕಳೆದ ಮೇಲೆ ಮಾಡಿಸಿ. ಹೊಸ ಚರ್ಮಕ್ಕೆ ಒಂದು ಬೇಸಿಗೆ ಪೂರ್ತಿ ಸಿಗಲಿ. ಹೊದಿಸುವವರ ಹತ್ತಿರ ಕೂತು ಬಿಲ್ಲೆ ಹೇಗೆ ಇಡುತ್ತಾರೆ ನೋಡಿಕೊಳ್ಳಿ, ಎರಡು ಬಿಲ್ಲೆ ಜಾಸ್ತಿ ಇಸಿದುಕೊಳ್ಳಿ. ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ, ನೀವೇ ಕೊಡಬೇಕು. ಬಾರಿಸಿ ಮುಗಿದ ಮೇಲೆ ಬಿರಡೆಯನ್ನು ಅರ್ಧ ಸುತ್ತು ಸಡಿಲ ಮಾಡಿ ತೂಗುಹಾಕಿ. ಮನೆಯಲ್ಲಿ ಇಲಿ ಇದ್ದರೆ ಮೊದಲು ಅದಕ್ಕೊಂದು ದಾರಿ ಮಾಡಿ.