ಡಿಸ್ಟ್ರಿಕ್ಟ್ 9: ನೋಟಿಸು, ಸಹಿ, ಬೆಂಕಿ

2009ರಲ್ಲಿ ತೆರೆಕಂಡ ‘ಡಿಸ್ಟ್ರಿಕ್ಟ್ 9’ ಚಿತ್ರದ ಮೊದಲ ಭಾಗದಲ್ಲೇ ಒಕ್ಕಲೆಬ್ಬಿಸುವ ಕಾರ್ಯಾಚರಣೆಯೊಂದು ಬರುತ್ತದೆ. ವಿಕಸ್ ಎಂಬ ಅಧಿಕಾರಿ ಬಂದೂಕುಧಾರಿಗಳನ್ನು ಬೆನ್ನಿಗಿಟ್ಟುಕೊಂಡು, ತಗಡಿನ ಗುಡಿಸಲುಗಳ ಬಾಗಿಲು ತಟ್ಟುತ್ತ, ಒಳಗಿರುವ ಅನ್ಯಗ್ರಹಜೀವಿಗಳಿಂದ ತೆರವಿನ ನೋಟಿಸಿಗೆ ಸಹಿ ಹಾಕಿಸಿಕೊಳ್ಳುತ್ತಾನೆ. ಸಿಟ್ಟಿಗೆದ್ದ ಜೀವಿಯೊಂದು ಕೈ ಬೀಸಿ ಹೊಡೆದಾಗ ಕಾಗದದ ಮೇಲೆ ಬಿದ್ದ ಗುರುತೂ ಸಹಿಯೆಂದೇ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಗುಡಿಸಲಿನಲ್ಲಿ ಅವುಗಳ ಮೊಟ್ಟೆಗಳು ಸಿಕ್ಕಾಗ ಗುಡಿಸಲಿಗೇ ಬೆಂಕಿ ಇಡಿಸಿ, ಮೊಟ್ಟೆಗಳು ಸಿಡಿಯುವ ಸದ್ದು ಪಾಪ್‌ಕಾರ್ನ್‌ನಂತಿದೆಯೆಂದು ಅವನು ಕ್ಯಾಮೆರಾದ ಮುಂದೆ ಉತ್ಸಾಹದಿಂದ ವಿವರಿಸುತ್ತಾನೆ. ಅವನು ಕ್ರೂರಿಯಲ್ಲ. ಹೆಂಡತಿಯನ್ನು ಪ್ರೀತಿಸುವ, ಮಾವನ ಕೃಪೆಯಿಂದ ಬಡ್ತಿ ಪಡೆದ, ಒಳ್ಳೆಯ ಹೆಸರು ತೆಗೆದುಕೊಳ್ಳಲು ಹವಣಿಸುವ ನೌಕರ ಅಷ್ಟೆ. ಪ್ರತ್ಯೇಕತೆಯ ಆಡಳಿತ ನಡೆಯುವುದು ಇಂಥವರ ಕೈಯಲ್ಲೇ ಎಂಬುದನ್ನು ನಿರ್ದೇಶಕ ನೀಲ್ ಬ್ಲೊಮ್‌ಕ್ಯಾಂಪ್ ಒಂದು ಭಾಷಣವೂ ಇಲ್ಲದೆ ತೋರಿಸಿದ್ದಾರೆ.

ಕಥೆಯಲ್ಲಿ 1982ರಲ್ಲಿ ಜೊಹಾನ್ಸ್‌ಬರ್ಗ್ ನಗರದ ಮೇಲೆ ಬಂದು ನಿಂತ ಬೃಹತ್ ನೌಕೆ ವರ್ಷಗಟ್ಟಲೆ ಕದಲುವುದಿಲ್ಲ. ಅದರೊಳಗೆ ಹಸಿವಿನಿಂದ ಬಸವಳಿದಿದ್ದ ಲಕ್ಷಾಂತರ ಜೀವಿಗಳನ್ನು ಕೆಳಗಿಳಿಸಿ ಹೂಡಿದ ತಾತ್ಕಾಲಿಕ ಶಿಬಿರ ವರ್ಷಗಳುರುಳಿದಂತೆ ಬೇಲಿ ಸುತ್ತಿದ ಕೊಳೆಗೇರಿಯಾಗುತ್ತದೆ. ಊರಿನವರು ಅವುಗಳನ್ನು ‘ಸಿಗಡಿಗಳು’ ಎಂದು ಹಂಗಿಸುತ್ತಾರೆ. ‘ಮನುಷ್ಯರಿಗೆ ಮಾತ್ರ’ ಎಂಬ ಫಲಕಗಳು ಏಳುತ್ತವೆ. ಕೊನೆಗೆ ಅವುಗಳನ್ನು ನಗರದಿಂದ ಬಹುದೂರದ ಮತ್ತೊಂದು ಶಿಬಿರಕ್ಕೆ ಸಾಗಿಸುವ ಗುತ್ತಿಗೆ ವಿಕಸ್ ದುಡಿಯುವ ಎಂಎನ್‌ಯು ಎಂಬ ಖಾಸಗಿ ಕಂಪನಿಯ ಪಾಲಾಗುತ್ತದೆ. ಅನ್ಯಗ್ರಹದ ತಂತ್ರಜ್ಞನೊಬ್ಬನಿಗೆ ದಾಖಲೆಯಲ್ಲಿ ಇರುವ ಹೆಸರು ಕ್ರಿಸ್ಟೋಫರ್ ಜಾನ್ಸನ್. ಆ ಹೆಸರನ್ನು ಯಾರು ಇಟ್ಟರೆಂದು ಚಿತ್ರ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ಶೀರ್ಷಿಕೆಯ ಹಿಂದೆ ನಿಜವಾದ ಊರೊಂದಿದೆ. ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಬಡಾವಣೆಯನ್ನು 1966ರಲ್ಲಿ ಬಿಳಿಯರಿಗೆ ಮಾತ್ರ ಮೀಸಲೆಂದು ಘೋಷಿಸಿದ ಸರ್ಕಾರ, ಮುಂದಿನ ವರ್ಷಗಳಲ್ಲಿ ಅಲ್ಲಿನ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಮನೆಗಳನ್ನು ನೆಲಸಮ ಮಾಡಿ, ನಗರದ ಹೊರಗಿನ ಮರಳು ಬಯಲಿಗೆ ಅಟ್ಟಿತು. ಆದರೆ ಚಿತ್ರವನ್ನು ವರ್ಣಭೇದ ನೀತಿಯ ರೂಪಕವೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಇದಕ್ಕೆ ಮೂಲವಾದ 2005ರ ಕಿರುಚಿತ್ರದಲ್ಲಿ ಬೀದಿಯ ಜನ ‘ಇವರು ಇಲ್ಲಿಂದ ತೊಲಗಲಿ’ ಎಂಬ ಧಾಟಿಯಲ್ಲಿ ಆಡಿದ ಮಾತುಗಳು ನಿಜವಾದ ಸಂದರ್ಶನಗಳವು. ಆ ಮಾತು ಅನ್ಯಗ್ರಹದವರನ್ನು ಕುರಿತದ್ದಲ್ಲ, ಬೇರೆ ಆಫ್ರಿಕನ್ ದೇಶಗಳಿಂದ ಬಂದ ವಲಸಿಗರನ್ನು ಕುರಿತದ್ದು. 2008ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಲಸಿಗರ ಮೇಲೆ ನಡೆದ ದಾಳಿಗಳಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ನಿನ್ನೆ ಬೇಲಿಯೊಳಗಿದ್ದವರು ಇಂದು ಬೇಲಿ ಕೇಳುತ್ತಿರುವುದನ್ನು ಚಿತ್ರ ಗಮನಿಸಿದೆ. ಚಿತ್ರೀಕರಣವೂ ಜೊಹಾನ್ಸ್‌ಬರ್ಗ್‌ನ ಸೊವೆಟೊ ಪ್ರದೇಶದ ಚಿಯಾವೆಲೊ ಬಡಾವಣೆಯಲ್ಲಿ, ನಿಜವಾದ ಗುಡಿಸಲುಗಳ ನಡುವೆಯೇ ನಡೆಯಿತು. ಅಲ್ಲಿನ ನಿವಾಸಿಗಳನ್ನು ಆಗ ಬೇರೆಡೆಗೆ ಸ್ಥಳಾಂತರಿಸಲಾಗುತ್ತಿತ್ತು.

ವಿಕಸ್ ಪಾತ್ರದ ಶಾರ್ಲ್ಟೊ ಕಾಪ್ಲಿಗೆ ಇದು ಮೊದಲ ಪೂರ್ಣಪ್ರಮಾಣದ ಚಿತ್ರವೆಂದರೆ ನಂಬುವುದು ಕಷ್ಟ. ತಡವರಿಸುತ್ತ, ಅಧಿಕಾರದ ಮಾತನ್ನು ಅನುನಯದ ದನಿಯಲ್ಲಿ ಆಡುವ ಅವರ ರೀತಿ ಬಹುಪಾಲು ಸ್ಥಳದಲ್ಲೇ ಹುಟ್ಟಿದ್ದು. ಅನ್ಯಗ್ರಹದ ದ್ರವ ತಾಕಿ ಅವನ ಕೈ ಅವುಗಳ ಕೈಯಾಗಿ ಮಾರ್ಪಟ್ಟ ಕೂಡಲೇ ಕಂಪನಿಗೆ ಅವನೂ ಒಂದು ಸ್ವತ್ತಾಗುತ್ತಾನೆ, ಏಕೆಂದರೆ ಅನ್ಯಗ್ರಹದ ಆಯುಧಗಳು ಅಂಥ ಕೈಗೆ ಮಾತ್ರ ಓಗೊಡುತ್ತವೆ. ಸುಮಾರು 3 ಕೋಟಿ ಡಾಲರಿನ ಬಂಡವಾಳದಲ್ಲಿ ಗ್ರಾಫಿಕ್ಸ್ ಇಷ್ಟು ಸಹಜವಾಗಿ ಬೀದಿಯ ದೂಳಿನೊಂದಿಗೆ ಬೆರೆತಿರುವುದು ಮೆಚ್ಚತಕ್ಕ ಸಂಗತಿ.

ದೂರುಗಳೂ ಇವೆ. ಸಾಕ್ಷ್ಯಚಿತ್ರದ ಶೈಲಿಯನ್ನು ಅರ್ಧದಲ್ಲೇ ಕೈಬಿಟ್ಟ ಚಿತ್ರ ಕೊನೆಯ ಭಾಗದಲ್ಲಿ ಗುಂಡು, ಸ್ಫೋಟ, ಯಂತ್ರಕವಚಗಳ ಮಾಮೂಲಿ ಹಾದಿ ಹಿಡಿಯುತ್ತದೆ. ಅದಕ್ಕಿಂತ ಗಂಭೀರವಾದದ್ದು ನೈಜೀರಿಯನ್ನರ ಚಿತ್ರಣ: ಅನ್ಯಗ್ರಹಜೀವಿಗಳು ಆಸೆಪಟ್ಟು ತಿನ್ನುವ ಬೆಕ್ಕಿನ ಆಹಾರದ ಡಬ್ಬಿಗಳನ್ನು ಅವುಗಳಿಗೆ ಬಾಯಿಗೆ ಬಂದ ಬೆಲೆಗೆ ಮಾರುವ, ಮಾಟಕ್ಕೆ ಮೊರೆಹೋಗುವ ದರೋಡೆಕೋರರಾಗಿ ಮಾತ್ರ ಅವರು ಕಾಣಿಸಿಕೊಳ್ಳುತ್ತಾರೆ. ನೈಜೀರಿಯಾ ಸರ್ಕಾರ ಇದನ್ನು ಬಹಿರಂಗವಾಗಿಯೇ ಪ್ರತಿಭಟಿಸಿತು, ಮತ್ತು ಆ ಸಿಟ್ಟು ನ್ಯಾಯವಾದದ್ದೇ. ವಲಸಿಗರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಮನಸ್ಸನ್ನು ಟೀಕಿಸುವ ಚಿತ್ರ ತಾನೇ ಆ ಅಚ್ಚನ್ನು ಬಳಸಿದೆ. ಇಷ್ಟಾದರೂ ನೋಡಲೇಬೇಕಾದ ಚಿತ್ರವೆಂದೇ ಹೇಳುತ್ತೇನೆ. ದೇಹ ಕೊಳೆಯುವ, ಸಿಡಿಯುವ ದೃಶ್ಯಗಳು ಹೇರಳವಾಗಿರುವುದರಿಂದ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವುದು ಬೇಡ.