ಎಂಡೆವ್, ಎಂಡೆವ್‌ಡಿ, ಇಯುಡೆವ್: ತೋಟದ ಲ್ಯಾಪ್‌ಟಾಪಿನಲ್ಲಿ ಮೂರನ್ನೂ ಹಾಕಿ ನೋಡಿದೆ

ನಮ್ಮ ಅಡಿಕೆ ತೋಟದ ಪಂಪ್‌ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದಕ್ಕೆ ಆಲ್ಪೈನ್ ಲಿನಕ್ಸ್ ಅನ್ನೋ ಹಗುರವಾದ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇನೆ. ಎರಡು ಯುಎಸ್‌ಬಿ ಪೋರ್ಟುಗಳಲ್ಲಿ ಎರಡು ಸಣ್ಣ ಬೋರ್ಡುಗಳಿವೆ. ಒಂದು ಮಳೆ ಅಳೆಯುತ್ತದೆ, ಇನ್ನೊಂದು ಮಣ್ಣಿನ ತೇವ. ಬ್ಯಾಟರಿ ಹೋಗಿ ಬಹಳ ಕಾಲವಾಯಿತು, ಹಾಗಾಗಿ ಕರೆಂಟ್ ಹೋದರೆ ಲ್ಯಾಪ್‌ಟಾಪೂ ಆಫ್. ಕಳೆದ ಮಳೆಗಾಲದಲ್ಲಿ ಒಂದು ದಿನ ಕರೆಂಟ್ ಬಂದ ಮೇಲೆ ನೋಡಿದರೆ, ಮಳೆಯ ಕಾಲಂನಲ್ಲಿ ತೇವದ ಅಂಕಿ, ತೇವದ ಕಾಲಂನಲ್ಲಿ ಮಳೆಯ ಅಂಕಿ ಬರುತ್ತಿತ್ತು.

ಕಾರಣ ಸರಳ. ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಮೊದಲು ಕಂಡ ಸೀರಿಯಲ್ ಬೋರ್ಡಿಗೆ 0 ಅನ್ನುತ್ತದೆ, ಆಮೇಲೆ ಕಂಡದ್ದಕ್ಕೆ 1. ಯಾವುದು ಮೊದಲು ಕಾಣುತ್ತದೆ ಅನ್ನೋದು ಪ್ರತಿ ಬೂಟಿನಲ್ಲೂ ಒಂದೇ ಆಗಿರಬೇಕೆಂದಿಲ್ಲ. ಇಂಥ ಸಾಧನಗಳು ಡೆವ್ ಫೋಲ್ಡರಿನಲ್ಲಿ ಫೈಲುಗಳಾಗಿ ಕಾಣುತ್ತವೆ. ಆ ಫೈಲುಗಳನ್ನು ಹುಟ್ಟಿಸುವ ಕೆಲಸವನ್ನು 2009ರ 2.6.32 ಆವೃತ್ತಿಯಿಂದ ಕರ್ನಲ್ಲೇ ಮಾಡಬಲ್ಲದು. ಆದರೆ ಅವುಗಳಿಗೆ ಅನುಮತಿ ಕೊಡುವುದು, ಬದಲಾಗದ ಹೆಸರು ಕೊಡುವುದು ಡಿವೈಸ್ ಮ್ಯಾನೇಜರ್ ಕೆಲಸ. ಆಲ್ಪೈನ್‌ನಲ್ಲಿ ಇದಕ್ಕೆ ಮೂರು ಆಯ್ಕೆಗಳಿವೆ: ಎಂಡೆವ್, ಎಂಡೆವ್‌ಡಿ, ಇಯುಡೆವ್. ಸೆಟಪ್-ಡೆವ್‌ಡಿ ಅನ್ನೋ ಒಂದೇ ಆದೇಶದಿಂದ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಹಾಗಾಗಿ ಮೂರನ್ನೂ ಕೆಲವು ವಾರ ಓಡಿಸಿ ನೋಡಿದೆ.

ಮೊದಲು ಎಂಡೆವ್. ಇದು ಆಲ್ಪೈನ್ ಜೊತೆಗೇ ಬರುವ ಸಣ್ಣ ಉಪಕರಣಗಳ ಕಟ್ಟು ಬಿಜಿಬಾಕ್ಸ್‌ನ ಭಾಗ, ಬೇರೆ ಏನೂ ಹಾಕಬೇಕಿಲ್ಲ. ಒಂದೇ ಒಂದು ಕಾನ್ಫಿಗ್ ಫೈಲ್. ಪ್ರತಿ ಸಾಲಿನಲ್ಲಿ ಸಾಧನದ ಹೆಸರು, ಮಾಲೀಕ, ಗುಂಪು, ಅನುಮತಿ, ಬೇಕಿದ್ದರೆ ಕೊನೆಯಲ್ಲಿ ಓಡಿಸಬೇಕಾದ ಸ್ಕ್ರಿಪ್ಟ್. ಓದಿದ ಕೂಡಲೇ ಅರ್ಥವಾಗುತ್ತದೆ. ನಾನು ಇದನ್ನು ಹಳೆಯ ರೀತಿಯಲ್ಲಿ ಇಟ್ಟಿದ್ದೆ, ಅಂದರೆ ಏನೇ ನಡೆದರೂ ಕರ್ನಲ್ ಪ್ರತಿ ಸಲ ಹೊಸದಾಗಿ ಎಂಡೆವ್ ಅನ್ನು ಕರೆಯುತ್ತದೆ. ಮಳೆ ಬೋರ್ಡಿನ ಕೇಬಲ್ ಸ್ವಲ್ಪ ಸಡಿಲ. ಅದು ಒಂದು ಕ್ಷಣ ಬಿಟ್ಟು ಮತ್ತೆ ಹಿಡಿದಾಗ ‘ಹೋಯಿತು’ ಮತ್ತು ‘ಬಂತು’ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಓಡಿದವು. ಒಮ್ಮೆ ‘ಹೋಯಿತು’ ಹಿಂದೆ ಬಿದ್ದು, ಆಗಷ್ಟೇ ಹುಟ್ಟಿದ ಲಿಂಕನ್ನು, ಅಂದರೆ ಬೋರ್ಡಿನ ಫೈಲಿಗೆ ಕೊಟ್ಟ ಬದಲಾಗದ ಹೆಸರನ್ನು, ಅಳಿಸಿಬಿಟ್ಟಿತು. ಆ ರಾತ್ರಿ ಜೋರು ಮಳೆ, ದಾಖಲೆ ಮಾತ್ರ ಖಾಲಿ. ಬಹಳ ಬೇಜಾರಾಯಿತು.

ಆಮೇಲೆ ಇಯುಡೆವ್. ಇದರ ಮೂಲ ಯುಡೆವ್, 2003ರದ್ದು. 2012ರಲ್ಲಿ ಯುಡೆವ್, ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯೊಳಗೆ ಸೇರಿಕೊಂಡಾಗ, ಸಿಸ್ಟಮ್‌ಡಿ ಇಲ್ಲದ ಕಡೆಯೂ ಓಡಲಿ ಅಂತ ಜೆಂಟೂ ಅನ್ನೋ ಇನ್ನೊಂದು ಲಿನಕ್ಸಿನ ಬಳಗದವರು ಅದೇ ವರ್ಷದ ಕೊನೆಗೆ ಕವಲು ತೆಗೆದರು. ಅದೇ ಇಯುಡೆವ್. ಹಾಕಿ ರೀಬೂಟ್ ಮಾಡಿದೆ. ನಾನು ಒಂದು ನಿಯಮವನ್ನೂ ಬರೆಯುವ ಮೊದಲೇ, ಡೆವ್ ಫೋಲ್ಡರಿನ ಸೀರಿಯಲ್ ಭಾಗದಲ್ಲಿ ಲಿಂಕುಗಳು ತಯಾರಾಗಿದ್ದವು. ‘ಬೈ-ಐಡಿ’ ಅಂತ ಒಂದು ಗುಂಪು, ‘ಬೈ-ಪಾತ್’ ಅಂತ ಇನ್ನೊಂದು.

ಆದರೆ ಬೈ-ಐಡಿಯಲ್ಲಿ ಎರಡು ಬೋರ್ಡಿಗೂ ಸೇರಿ ಒಂದೇ ಲಿಂಕ್! ಯುಡೆವ್‌ನ ದೊಡ್ಡ ಶಕ್ತಿ ಎಂದರೆ ಸಾಧನ ಯಾರು ಅಂತ ಗುರುತು ಹಿಡಿಯುವುದು. ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಎಲ್ಲ ನೋಡುತ್ತದೆ. ನನ್ನವು ಅಗ್ಗದ ಬೋರ್ಡುಗಳು. ಅವುಗಳ ಯುಎಸ್‌ಬಿ ಚಿಪ್ಪಿನಲ್ಲಿ ಸೀರಿಯಲ್ ಸಂಖ್ಯೆಯೇ ಇಲ್ಲ. ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟ ಹಾಗೆ. ಕೊನೆಗೆ ಕೆಲಸಕ್ಕೆ ಬಂದದ್ದು ಬೈ-ಪಾತ್, ಅಂದರೆ ಯಾವ ಪೋರ್ಟಿನಲ್ಲಿ ಕೂತಿದೆ ಅನ್ನೋದು.

ಸ್ವಂತ ಹೆಸರು ಬೇಕೆಂದು ನಿಯಮ ಬರೆಯುವಾಗ ಒಂದು ತಪ್ಪು ಮಾಡಿದೆ. ಹೋಲಿಸಿ ನೋಡುವ ಕಡೆ ಎರಡು ಸಮ ಚಿಹ್ನೆ ಇರಬೇಕು. ನಾನು ಒಂದೇ ಹಾಕಿದ್ದೆ, ನಿಯಮ ಕೆಲಸವೇ ಮಾಡಲಿಲ್ಲ. ಇಯುಡೆವ್ ಜೊತೆ ಬರುವ ಯುಡೆವ್‌ಎಡಿಎಂ ಉಪಕರಣದ ಟೆಸ್ಟ್ ಆದೇಶ ಓಡಿಸಿದಾಗ ಗೊತ್ತಾಯಿತು. ಈ ಉಪಕರಣ ನಿಜಕ್ಕೂ ಚಿನ್ನ. ಮಾನಿಟರ್ ಅಂದರೆ ಏನು ಬಂತು ಏನು ಹೋಯಿತು ಅಂತ ಕಣ್ಣೆದುರೇ ತೋರಿಸುತ್ತದೆ. ಇನ್ಫೋ ಅಂದರೆ ಸಾಧನದ ತಾಯಿ, ಅಜ್ಜಿ ತನಕ ವಂಶಾವಳಿ ಕೊಡುತ್ತದೆ. ಉಳಿದೆರಡರಲ್ಲಿ ಇಂಥ ಅನುಕೂಲ ಇಲ್ಲ.

ಪರದೆ, ಕೀಬೋರ್ಡ್, ಮೌಸ್ ಇಟ್ಟು ಡೆಸ್ಕ್‌ಟಾಪ್ ಬಳಸುವವರು ಯೋಚಿಸಲೇಬೇಡಿ, ಇಯುಡೆವ್ ಹಾಕಿ. ಅಲ್ಲಿ ಕೀಬೋರ್ಡ್, ಮೌಸ್ ಹುಡುಕುವ ಲಿಬ್‌ಇನ್‌ಪುಟ್ ಯುಡೆವ್ ಅನ್ನೇ ಕೇಳುತ್ತದೆ. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್‌ಆರ್ಗ್‌ಗಾಗಿ ಆಲ್ಪೈನ್ ಕೊಡುವ ಸೆಟಪ್ ಆದೇಶ ಕೂಡ ತಾನೇ ಯುಡೆವ್‌ಗೆ ಬದಲಾಯಿಸುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ನಾನೂ ಅದನ್ನೇ ಇಟ್ಟಿದ್ದೇನೆ.

ಪಂಪ್‌ ಮನೆಯಲ್ಲಿ ಮಾತ್ರ ಪರದೆಯ ಕೆಲಸವೇ ಇಲ್ಲ. ಅಲ್ಲಿ ಕೊನೆಗೆ ಉಳಿದದ್ದು ಎಂಡೆವ್‌ಡಿ. ಸೇವೆಗಳ ಮೇಲೆ ಕಣ್ಣಿಡುವ ಎಸ್‌6 ಅನ್ನೋ ತಂತ್ರಾಂಶ ಬರೆದ ಲೊರಾಂ ಬೆರ್ಕೊ ಅವರದೇ ಇದು. ಎಂಡೆವ್‌ನ ಕಾನ್ಫಿಗ್ ಫೈಲನ್ನೇ ಓದುತ್ತದೆ, ಹಾಗಾಗಿ ನಾನು ಮೊದಲು ಬರೆದ ಸಾಲುಗಳನ್ನು ಮುಟ್ಟಲೇ ಇಲ್ಲ. ವ್ಯತ್ಯಾಸ ಇಷ್ಟೇ: ಇದು ಸದಾ ಎಚ್ಚರವಾಗಿ ಕೂತು, ಕರ್ನಲ್ ಕಳಿಸುವ ಸುದ್ದಿಯನ್ನು ನೆಟ್‌ಲಿಂಕ್ ಅನ್ನೋ ಕರ್ನಲ್‌ನ ಸಂದೇಶದ ದಾರಿಯಲ್ಲಿ ಕೇಳಿಸಿಕೊಂಡು, ಬಂದ ಸರದಿಯಲ್ಲೇ ಒಂದೊಂದಾಗಿ ಮುಗಿಸುತ್ತದೆ. ‘ಹೋಯಿತು’ ಮುಗಿದ ಮೇಲೇ ‘ಬಂತು’. ಕೇಬಲನ್ನು ಬೇಕಂತಲೇ ಹತ್ತಾರು ಸಲ ಕಿತ್ತು ಹಾಕಿದೆ. ಲಿಂಕ್ ಒಂದು ಸಲವೂ ತಪ್ಪಲಿಲ್ಲ. (ಈಗಿನ ಬಿಜಿಬಾಕ್ಸ್‌ನಲ್ಲಿ ಎಂಡೆವ್ ಅನ್ನೂ ಹೀಗೆ ಸದಾ ಎಚ್ಚರವಾಗಿರುವ ಡೀಮನ್ ಆಗಿ ಓಡಿಸಬಹುದು. ನಾನು ಓಡಿಸಿ ನೋಡಿಲ್ಲ.)

ನನಗೆ ಬೇಕಿದ್ದದ್ದು ಪೋರ್ಟಿನ ಗುರುತು ಮಾತ್ರ. ಎಂಡೆವ್‌ಡಿ ಸ್ಕ್ರಿಪ್ಟಿಗೆ ಡೆವ್‌ಪಾತ್ ಅಂತ ಒಂದು ವಿಳಾಸ ಕೊಡುತ್ತದೆ, ಪೋರ್ಟ್ ಸಂಖ್ಯೆ ಅದರೊಳಗೇ ಇರುತ್ತದೆ. 1-1 ಕಂಡರೆ ‘ಮಳೆ’, 1-2 ಕಂಡರೆ ‘ತೇವ’ ಅಂತ ಲಿಂಕ್ ಮಾಡು, ಸಾಧನ ಹೋದರೆ ಅಳಿಸು. ಅಷ್ಟು ಬರೆಯಲು ಹತ್ತು ಸಾಲು ಸಾಕಾಯಿತು. ನಿಮ್ಮ ಬೋರ್ಡುಗಳಿಗೆ ಸರಿಯಾದ ಸೀರಿಯಲ್ ಸಂಖ್ಯೆ ಇದ್ದು, ಯಾವ ಪೋರ್ಟಿಗೆ ಹಾಕಿದರೂ ಅದೇ ಹೆಸರು ಬೇಕು ಅಂದರೆ ಲೆಕ್ಕ ಬೇರೆ. ಸೀರಿಯಲ್ ಪೋರ್ಟಿನ ಸುದ್ದಿಯ ಜೊತೆ ಆ ಸಂಖ್ಯೆ ಬರುವುದಿಲ್ಲ. ಕರ್ನಲ್ ಸಾಧನಗಳ ವಿವರ ಇಡುವ ಸಿಸ್ ಫೋಲ್ಡರಿನಲ್ಲಿ ಮೇಲೆ ಮೇಲೆ ಹತ್ತಿ ನೀವೇ ಹುಡುಕಬೇಕು. ಆ ಕಷ್ಟ ಸುಮ್ನೆ ಯಾಕೆ, ಅಲ್ವಾ? ಅಲ್ಲಿ ಇಯುಡೆವ್ ಒಂದೇ ಸಾಲಿನಲ್ಲಿ ಮುಗಿಸುತ್ತದೆ.

ಈಗ ಲ್ಯಾಪ್‌ಟಾಪಿನ ಒಂದು ಪೋರ್ಟಿನ ಪಕ್ಕ ನೀಲಿ ಟೇಪು, ಇನ್ನೊಂದರ ಪಕ್ಕ ಕೆಂಪು. ಬೋರ್ಡುಗಳ ಮೇಲೂ ಅದೇ ಬಣ್ಣ. ಒರೆಸಲೆಂದು ಕಿತ್ತರೆ ಅದೇ ಬಣ್ಣಕ್ಕೆ ವಾಪಸ್ ಹಾಕಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.