ಎರೆಮಣ್ಣು, ಗರಸು, ಡಾಂಬರು: ಎರಡು ಹೈಬ್ರಿಡ್ ಸೈಕಲ್‌ಗಳನ್ನು ಓಡಿಸಿ ನೋಡಿದ ಮೇಲೆ

ಗಂಗಾವತಿಯಿಂದ ನಾನು ಕೆಲಸ ಮಾಡುವ ಹಳ್ಳಿಗೆ 14 ಕಿ.ಮೀ. ದೂರವಿದೆ. ಮೊದಲ 6 ಕಿ.ಮೀ. ಡಾಂಬರು ರಸ್ತೆ, ನಂತರದ 5 ಕಿ.ಮೀ. ಕಾಲುವೆ ದಂಡೆಯ ಗರಸು ದಾರಿ, ಕೊನೆಯ 3 ಕಿ.ಮೀ. ಭತ್ತದ ಗದ್ದೆಗಳ ನಡುವೆ ಹಾಯುವ ಎರೆಮಣ್ಣಿನ ಬಂಡಿದಾರಿ. ಈ ಮೂರಕ್ಕೂ ಒಗ್ಗುವ ಸೈಕಲ್ ಕೊಳ್ಳಬೇಕೆಂದು ಹೊರಟಾಗ ಕಡೆಗೆ ಉಳಿದದ್ದು ಎರಡು ಹೈಬ್ರಿಡ್ ಸೈಕಲ್, ಅಂದರೆ ರಸ್ತೆ ಸೈಕಲ್ ಮತ್ತು ಗುಡ್ಡಗಾಡಿನ ಸೈಕಲ್ ಎರಡರ ಗುಣವೂ ಬೆರೆತವು. ಒಂದು ನನ್ನ ತಮ್ಮನ ಬಳಿ ಇತ್ತು, ಇನ್ನೊಂದು ಗೆಳೆಯರೊಬ್ಬರ ಬಳಿ. ಜೂನ್ ಕೊನೆಯಿಂದ ಒಂದೊಂದನ್ನೂ ಮೂರು ವಾರ ಇದೇ ದಾರಿಯಲ್ಲಿ ಓಡಿಸಿದೆ. ಕಂಪನಿಯ ಹೆಸರಿಗಿಂತ ರಚನೆಯೇ ಇಲ್ಲಿ ಮುಖ್ಯವಾದುದರಿಂದ ಅವುಗಳನ್ನು ಬಣ್ಣದಿಂದಲೇ ಕರೆಯುತ್ತೇನೆ.

ಎರಡಕ್ಕೂ ಅಲ್ಯೂಮಿನಿಯಂ ಫ್ರೇಮ್, 700ಸಿ ಎಂಬ ಅಳತೆಯ ಗಾಲಿ, ಡಿಸ್ಕ್ ಬ್ರೇಕ್ ಇವೆ. ಬೆಲೆಯಲ್ಲಿ ಎರಡು ಸಾವಿರ ರೂಪಾಯಿಯ ವ್ಯತ್ಯಾಸವೂ ಇಲ್ಲ. ಕಪ್ಪು ಸೈಕಲ್ಲಿಗೆ ಮುಂದೆ 63 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಸಸ್ಪೆನ್ಷನ್, 42 ಮಿ.ಮೀ. ಅಗಲದ ಟೈರ್, ಮುಂದೆ ಮೂರು ಹಿಂದೆ ಎಂಟು ಗೇರ್. ಬೂದು ಸೈಕಲ್ಲಿಗೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಗಾಲಿಯನ್ನು ಹಿಡಿಯುವ ಕವಲು), 38 ಮಿ.ಮೀ. ಟೈರ್, ಮುಂದೆ ಒಂದೇ ಹಲ್ಲುಚಕ್ರ ಹಾಗೂ ಹಿಂದೆ ಒಂಬತ್ತು. ಪರಿಚಯದ ದಲ್ಲಾಳಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟಾಗ ಕಪ್ಪು 14.1 ಕಿಲೋ, ಬೂದು 12.4 ಕಿಲೋ ತೂಗಿದವು.

ಡಾಂಬರಿನ ಮೇಲೆ ಈ ತೂಕದ ವ್ಯತ್ಯಾಸ ನಾನು ನಿರೀಕ್ಷಿಸಿದಷ್ಟು ಕಾಣಲಿಲ್ಲ. ಸಮತಟ್ಟಾದ 6 ಕಿ.ಮೀ.ಗೆ ಎರಡು ನಿಮಿಷವೂ ಉಳಿಯಲಿಲ್ಲ. ಕಂಡದ್ದು ಆಷಾಢದ ಗಾಳಿಯಲ್ಲಿ. ಕಪ್ಪು ಸೈಕಲ್ಲಿನ ಹ್ಯಾಂಡಲ್ ಎತ್ತರವಾಗಿರುವುದರಿಂದ ಎದೆ ಪೂರ್ತಿ ಗಾಳಿಗೆ ಒಡ್ಡಿಕೊಳ್ಳುತ್ತದೆ, ಪಡುವಣ ಗಾಳಿ ಎದುರಾದ ದಿನ ತೊಡೆ ಸೋಲುತ್ತದೆ. ಬೂದಿನಲ್ಲಿ ಸ್ವಲ್ಪ ಬಾಗಿ ಕೂರಬೇಕಾದ್ದರಿಂದ ಅದೇ ಗಾಳಿ ಅಷ್ಟು ಕಾಡಲಿಲ್ಲ.

ನನ್ನ ಅಭಿಪ್ರಾಯ ಬದಲಾದದ್ದು ಗರಸು ದಾರಿಯಲ್ಲಿ. ಸಸ್ಪೆನ್ಷನ್ ಇರುವುದೇ ಇಂಥ ದಾರಿಗೆ ಎಂದು ನಂಬಿದ್ದೆ. ಆದರೆ ದಂಡೆಯ ಮೇಲಿರುವುದು ದೊಡ್ಡ ತಗ್ಗುಗಳಲ್ಲ, ಟ್ರ್ಯಾಕ್ಟರ್‌ಗಳ ಓಡಾಟದಿಂದ ಎದ್ದ, ಗೇಣು ಅಂತರದ ಸಣ್ಣ ಅಲೆಗಳು. ಈ ಬೆಲೆಯ ಸ್ಪ್ರಿಂಗ್ ಫೋರ್ಕ್ ಅಷ್ಟು ವೇಗದ ಸಣ್ಣ ಪೆಟ್ಟುಗಳಿಗೆ ಸ್ಪಂದಿಸುವುದರೊಳಗೆ ಮುಂದಿನ ಪೆಟ್ಟು ಬಂದಿರುತ್ತದೆ. ಕೆಸರುಗದ್ದೆ ಹೊಡೆಯುವ ಕಬ್ಬಿಣದ ಚಕ್ರಗಳು ರಸ್ತೆಯನ್ನು ಕೊರೆದ ಕಡೆ ಅದು ಒಂದೊಂದು ದೊಡ್ಡ ಹೊಡೆತವನ್ನು ಚೆನ್ನಾಗಿ ತಡೆಯಿತು, ಇದನ್ನು ಒಪ್ಪಬೇಕು. ಹಾಗೆಯೇ ಮುಂದಿನ ಫೋರ್ಕ್ ಏನೇ ಮಾಡಿದರೂ ಸೀಟಿನ ಕೆಳಗಿನ ಪೆಟ್ಟನ್ನು ಹಿಂದಿನ ಟೈರೇ ನುಂಗಬೇಕು ಎಂಬುದು ಮೊದಲ ವಾರದಲ್ಲೇ ಸೊಂಟಕ್ಕೆ ತಿಳಿಯಿತು. ಬೂದು ಸೈಕಲ್ಲಿನ ಟೈರುಗಳಲ್ಲಿ ಮೊದಲು 70 ಪಿಎಸ್‌ಐ ಒತ್ತಡದ ಗಾಳಿ ಇತ್ತು, ಮುಂಗೈವರೆಗೂ ಜುಮುಗುಡುತ್ತಿತ್ತು. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೇ ಅದನ್ನು 50ಕ್ಕೆ ಇಳಿಸಿದ ದಿನ ಆ ನಡುಕ ಬಹುಪಾಲು ನಿಂತಿತು. ನನ್ನ ತೂಕ 68 ಕಿಲೋ. ಭಾರವಾಗಿರುವವರು ಇಷ್ಟು ಇಳಿಸಿದರೆ ತಗ್ಗಿನಲ್ಲಿ ಟ್ಯೂಬ್ ರಿಮ್ಮಿಗೆ ಬಡಿದು ಒಡೆಯಬಹುದು.

ಮಳೆ ಬಿದ್ದ ಎರೆಮಣ್ಣಿನಲ್ಲಿ ಎರಡೂ ಸೋತವು. ನೀರು ಹೀರಿ ಉಬ್ಬುವ ಈ ಜೇಡಿ ಟೈರಿಗೆ ಮೆತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಮಡ್‌ಗಾರ್ಡ್ ಹಾಕಿದ್ದ ಕಪ್ಪು ಸೈಕಲ್ಲಿನ ಗಾಲಿ ಇನ್ನೂರು ಮೀಟರ್ ಸಾಗುವುದರೊಳಗೆ ತಿರುಗುವುದನ್ನೇ ನಿಲ್ಲಿಸಿತು. ಫೋರ್ಕಿನಲ್ಲಿ ಹೆಚ್ಚು ಜಾಗವಿರುವ ಬೂದು ಇನ್ನಷ್ಟು ದೂರ ಸಾಗಿತಾದರೂ ಕಡೆಗೆ ಅದನ್ನೂ ಹೆಗಲ ಮೇಲೆ ಹೊತ್ತೆ. ಮಳೆಯ ದಿನ ಕ್ಯಾಂಪ್ (ವಲಸೆ ಬಂದ ರೈತರು ಕಟ್ಟಿಕೊಂಡ ಊರು) ಬಳಸಿ ಹೋಗುವ ಡಾಂಬರು ರಸ್ತೆಯೇ ಲೇಸು, ನಾಲ್ಕು ಕಿ.ಮೀ. ಹೆಚ್ಚಾದರೂ ಸರಿ.

ಏರಿನಲ್ಲಿ ಮಾತ್ರ ಕಪ್ಪು ಸೈಕಲ್ ಸ್ಪಷ್ಟವಾಗಿ ಮೇಲು. ಅದರ ಅತಿ ಹಗುರ ಗೇರಿನಲ್ಲಿ ಮುಂದೆ 28, ಹಿಂದೆ 32 ಹಲ್ಲುಗಳಿದ್ದು, ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ಬೂದಿನಲ್ಲಿ ಇದು 38ಕ್ಕೆ 36, ಅಂದರೆ ಸುಮಾರು 2.3 ಮೀಟರ್. ಭಾನುವಾರ ಚೀಲ ಹೊತ್ತು ಸಾಣಾಪುರದ ಕಡೆ ಹೋದಾಗ ಬಂಡೆಗಳ ನಡುವಿನ ಏರಿನಲ್ಲಿ ಬೂದನ್ನು ನಿಂತು ತುಳಿದೆ, ಕಪ್ಪನ್ನು ಕೂತೇ ಏರಿಸಿದೆ. ಆದರೆ ಮುಂದಿನ ಗೇರ್ ಬದಲಿಸುವ ಸಾಧನದಲ್ಲಿ ಕೆಸರು ಸೇರಿ ಕಪ್ಪಿನ ಚೈನ್ ಎರಡು ಸಲ ಜಾರಿ ಬಿದ್ದಿತು. ಬೂದಿನಲ್ಲಿ ಆ ಸಾಧನವೇ ಇಲ್ಲ.

ಬ್ರೇಕ್ ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಪ್ಪಿನದು ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕ್. ಒಂದು ಬೆರಳು ಸಾಕು, ಅಷ್ಟು ಮೃದು. ಬೂದಿನದು ತಂತಿಯ ಬ್ರೇಕ್, ಹೆಚ್ಚು ಒತ್ತಬೇಕು. ಆದರೆ ತಂತಿ ಸಡಿಲವಾದಾಗ ನಮ್ಮ ಓಣಿಯ ಸೈಕಲ್ ಅಂಗಡಿಯವರು ಹತ್ತು ನಿಮಿಷದಲ್ಲಿ ಬಿಗಿ ಮಾಡಿಕೊಟ್ಟರು. ಎಣ್ಣೆ ಬದಲಿಸುವ ಸಲಕರಣೆ ಅವರಲ್ಲಿ ಇರಲಿಲ್ಲ.

ಪಂಕ್ಚರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಕಾಲುವೆ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ ಇದೆ. ಆರು ವಾರಗಳಲ್ಲಿ ಏಳು ಸಲ ಮುಳ್ಳು ಚುಚ್ಚಿತು, ಎರಡು ಸೈಕಲ್ಲಿಗೂ ಹೆಚ್ಚು ಕಡಿಮೆ ಸಮನಾಗಿ. ಕಪ್ಪಿನ ಟ್ಯೂಬಿನ ವಾಲ್ವ್ ಮೋಟಾರ್ ಸೈಕಲ್ಲಿನಂಥದೇ ಆದ್ದರಿಂದ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ತುಂಬುತ್ತಾರೆ. ಬೂದಿನದು ಸಣ್ಣ ಪ್ರೆಸ್ಟಾ ವಾಲ್ವ್. ಅದಕ್ಕೊಂದು ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಬೇಕು. ಹಳೆಯ ಕರಿ ಸೈಕಲ್ಲಿನ 28 ಇಂಚಿನ ಟೈರ್ ನೋಡಲು ಅಷ್ಟೇ ದೊಡ್ಡದೆಂದು ಕೊಳ್ಳಬೇಡಿ: ಅದು 635 ಮಿ.ಮೀ. ರಿಮ್ಮಿನದು, 700ಸಿ ಗಾಲಿಯ ರಿಮ್ 622 ಮಿ.ಮೀ., ಕೂರುವುದಿಲ್ಲ. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಹಾಸಿದ ಮೇಲೆ ಕೊನೆಯ ಹತ್ತು ದಿನ ಒಂದೂ ಪಂಕ್ಚರ್ ಆಗಲಿಲ್ಲ.

ನಾನು ಬೂದನ್ನೇ ಕೊಂಡೆ. ಮೊಣಕಾಲು ನೋವಿರುವವರಿಗೆ, ಆನೆಗೊಂದಿಯ ಕಡೆ ಏರು ಹೆಚ್ಚಿರುವ ದಾರಿಯಲ್ಲಿ ದಿನಾ ಓಡಾಡುವವರಿಗೆ ಕಪ್ಪನ್ನೇ ಸೂಚಿಸುತ್ತೇನೆ. ನನ್ನದರಲ್ಲಿ ಮುಂದಿನ ಹಲ್ಲುಚಕ್ರವನ್ನು 36ಕ್ಕೆ ಇಳಿಸುವುದಿದೆ. ಈಗಿನ ಟೈರುಗಳು ಸವೆದ ಮೇಲೆ 42 ಮಿ.ಮೀ.ನವನ್ನು ಹಾಕಿಸುತ್ತೇನೆ, ಫೋರ್ಕಿನಲ್ಲೂ ಹಿಂದಿನ ಫ್ರೇಮಿನಲ್ಲೂ ಅದಕ್ಕೆ ಜಾಗವಿರುವುದನ್ನು ಅಳೆದು ನೋಡಿದ್ದೇನೆ.